ಠಾಣೆಯಲ್ಲಿ ಫೋನ್ ಕಿತ್ತುಕೊಂಡರು, ಒಂದು ಚೀಟಿಯನ್ನೂ ಕೊಡಲಿಲ್ಲ. ಸಂಸ್ಥೆಯ ಬೆಂಬಲವಿಲ್ಲದ ವರದಿಗಾರರು ಏನು ಮಾಡಬೇಕು?

ಒಂಟಿವರದಿ
ಯಾವ ಪತ್ರಿಕೆಯ ಸಂಬಳವೂ ನನಗಿಲ್ಲ. ಎರಡು ಸುದ್ದಿ ಜಾಲತಾಣಗಳಿಗೆ ಬಿಡಿಯಾಗಿ ಬರೆಯುತ್ತೇನೆ, ಜೊತೆಗೆ ಸ್ವಂತದ್ದೊಂದು ಯೂಟ್ಯೂಬ್ ವಾಹಿನಿ ಇದೆ. ಕೆಲವು ತಿಂಗಳಿಂದ ನಮ್ಮ ಕಡೆಯ ಹೊಳೆಯ ಮರಳು ಸಾಗಣೆಯ ಬೆನ್ನು ಹತ್ತಿದ್ದೆ. ಗುತ್ತಿಗೆ ಕೊಟ್ಟ ಜಾಗ ಒಂದು, ಅಗೆಯುವ ಜಾಗ ಇನ್ನೊಂದು. ಮೊನ್ನೆ ರಾತ್ರಿ ಚೆಕ್‌ಪೋಸ್ಟ್ ಹತ್ತಿರ ನಿಂತು ಟಿಪ್ಪರ್‌ಗಳ ವಿಡಿಯೊ ಮಾಡಿದೆ. ನಂಬರ್ ಪ್ಲೇಟಿನ ಕೊನೆಯ ಎರಡು ಅಂಕಿಗಳಿಗೆ ಗ್ರೀಸ್ ಮೆತ್ತಿದ್ದರು. ಚಾಲಕ ಇಳಿಯಲೂ ಇಲ್ಲ. ಕಿಟಕಿಯಿಂದ ಕೈ ಚಾಚಿದ, ಕೆಳಗಿದ್ದವರು ತೆಗೆದುಕೊಂಡರು, ಗೇಟು ಮೇಲೆದ್ದಿತು. ಅಷ್ಟೂ ವಿಡಿಯೊದಲ್ಲಿತ್ತು.

ಮರುದಿನ ಠಾಣೆಯಿಂದ ಕರೆ: "ಸುಮ್ಮನೆ ಬಂದು ಹೋಗಿ, ಸಾಹೇಬರು ಮಾತನಾಡಬೇಕಂತೆ." ಹೋದೆ. ಕೂರಿಸಿ ಫೋನ್ ಕೇಳಿದರು. ಕೊಡುವುದಿಲ್ಲ ಎಂದಾಗ ಒಬ್ಬರು ಮಣಿಕಟ್ಟು ಹಿಡಿದರು, ಇನ್ನೊಬ್ಬರು ನನ್ನ ಹೆಬ್ಬೆರಳನ್ನು ಫೋನಿನ ಮೇಲೆ ಒತ್ತಿದರು. ಬೀಗ ತೆರೆಯಿತು. ವಿಡಿಯೊ ಅಳಿಸಿದರು, ಅಳಿಸಿದ ಕಡತಗಳು ಉಳಿದಿರುವ ಫೋಲ್ಡರನ್ನೂ ಖಾಲಿ ಮಾಡಿದರು. ಆಮೇಲೂ ಫೋನ್ ಕೆಳಗಿಡಲಿಲ್ಲ. ನನ್ನ ಮನೆಯವರ ಫೋಟೊಗಳನ್ನು ಒಂದೊಂದಾಗಿ ಸರಿಸುತ್ತ, ಪಕ್ಕದವರಿಗೆ ತೋರಿಸುತ್ತ ನಕ್ಕರು. ಫೋನ್ ಅಲ್ಲಿಯೇ ಉಳಿಯಿತು. ಮಹಜರೂ ಇಲ್ಲ, ರಸೀದಿಯೂ ಇಲ್ಲ. ಹೊರಡುವಾಗ "ಕರ್ತವ್ಯಕ್ಕೆ ಅಡ್ಡಿ, ಸುಲಿಗೆ, ಎರಡೂ ಹಾಕಲು ಬರುತ್ತದೆ, ನೆನಪಿರಲಿ" ಎಂದರು. ಈಗ ತಹಶೀಲ್ದಾರರ ಕಚೇರಿಯಿಂದ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆದುಕೊಡಿ ಎಂದು ನೋಟಿಸ್ ಬಂದಿದೆ.

ಫೋನ್ ವಾಪಸ್ ಪಡೆಯುವುದು ಹೇಗೆ? ನನ್ನ ಬಳಿ ವಾರ್ತಾ ಇಲಾಖೆಯ ಮಾನ್ಯತಾ ಕಾರ್ಡ್ ಇಲ್ಲ. ಅದಿಲ್ಲದಿದ್ದರೆ ನಾನು ಪತ್ರಕರ್ತರ ಲೆಕ್ಕಕ್ಕೇ ಇಲ್ಲವೇ?

ತುಂಗಾತೀರ
ಓದಿ ಮೈ ಉರಿಯಿತು ಅಣ್ಣಾ. ವಿಡಿಯೊದ ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ?

ಒಂಟಿವರದಿ
ಅಣ್ಣ ಅಲ್ಲ, ಅಕ್ಕ. ಆ ರಾತ್ರಿಯ ವಿಡಿಯೊ ಹೋಯಿತು. ಅದಕ್ಕೂ ಹಿಂದಿನವು ಮನೆಯ ಹಾರ್ಡ್ ಡಿಸ್ಕಿನಲ್ಲಿವೆ.

ಕಪ್ಪುಕೋಟು
ವಕೀಲನಾಗಿ ಹೇಳುತ್ತಿದ್ದೇನೆ. ಮೊದಲು ಕಾರ್ಡಿನ ವಿಷಯ ಮುಗಿಸೋಣ. ಸಂವಿಧಾನದಲ್ಲಿ ಪತ್ರಿಕೆಗೆಂದು ಪ್ರತ್ಯೇಕ ಹಕ್ಕೇ ಇಲ್ಲ. 19(1)(ಎ) ವಿಧಿಯಲ್ಲಿರುವುದು ಪ್ರತಿಯೊಬ್ಬ ನಾಗರಿಕನ ಅಭಿವ್ಯಕ್ತಿ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯವೂ ಅದರೊಳಗೇ ಬರುತ್ತದೆ. ಮಾನ್ಯತಾ ಕಾರ್ಡ್ ಸರ್ಕಾರ ಕೊಡುವ ಒಂದು ಸೌಲಭ್ಯ, ಅಷ್ಟೇ. ಅದಿಲ್ಲದವರ ಫೋನ್ ಕಿತ್ತುಕೊಳ್ಳಬಹುದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ.

ಇನ್ನು ನಿಮ್ಮ ಪ್ರಕರಣ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಧ್ವನಿ ಸಹಿತ ಚಿತ್ರೀಕರಿಸಬೇಕು. ಜಪ್ತಿ ವಸ್ತುಗಳ ಪಟ್ಟಿ ಮಾಡುವುದು, ಸಾಕ್ಷಿಗಳು ಸಹಿ ಹಾಕುವುದು ಕೂಡ ಅದರಲ್ಲಿ ಬರಬೇಕು. 106ನೇ ಕಲಂ ಅಡಿ ಪೊಲೀಸರು ಏನನ್ನೇ ವಶಪಡಿಸಿಕೊಂಡರೂ ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ನಿಮ್ಮಲ್ಲಿ ಎರಡೂ ಆದಂತಿಲ್ಲ. ಜಪ್ತಿ ಆಗಿದೆ ಎಂದು ಅವರು ಒಪ್ಪಿಕೊಂಡರೆ 503ನೇ ಕಲಂ ಅಡಿ ಫೋನ್ ಬಿಡುಗಡೆಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಫೋನೇ ನಮ್ಮಲ್ಲಿಲ್ಲ ಎಂದರೆ ಇನ್ನೂ ಒಳ್ಳೆಯದು, ಅದನ್ನು ಬರವಣಿಗೆಯಲ್ಲಿ ಕೇಳಿ.

ನೀವು ಮಹಿಳೆ ಎಂದು ಈಗ ತಿಳಿಯಿತು. ಸಾಕ್ಷಿಯಾಗಿ ಕರೆಯುವುದಾದರೆ 179ನೇ ಕಲಂ ಪ್ರಕಾರ ಲಿಖಿತ ಆದೇಶ ಬೇಕು, ಮೇಲಾಗಿ ಮಹಿಳೆಯನ್ನು ಅವರು ವಾಸಿಸುವ ಜಾಗ ಬಿಟ್ಟು ಬೇರೆ ಕಡೆಗೆ ಬರಹೇಳುವಂತಿಲ್ಲ. ಆರೋಪಿಯಾಗಿ ಕರೆಯುವುದಾದರೆ 35(3)ರ ನೋಟಿಸ್ ಬೇಕು. 'ಸುಮ್ಮನೆ ಬಂದು ಹೋಗಿ' ಎಂಬ ಕಲಂ ಯಾವ ಸಂಹಿತೆಯಲ್ಲೂ ಇಲ್ಲ.

ಮಾತಿಗೆಮಾತು
ನಾಣ್ಯದ ಇನ್ನೊಂದು ಮುಖವನ್ನೂ ಯಾರಾದರೂ ಹೇಳಬೇಕಲ್ಲ. ಇವತ್ತು ಕೈಯಲ್ಲಿ ಮೈಕು, ಅದರ ಮೇಲೊಂದು ಲೋಗೊ ಇದ್ದವರೆಲ್ಲ ಪತ್ರಕರ್ತರು. ನನ್ನ ಪರಿಚಯದವರ ಜಲ್ಲಿ ಕ್ರಷರ್‌ಗೆ ತಿಂಗಳಿಗೊಬ್ಬ ಬಂದು 'ಸುದ್ದಿ ಮಾಡಲೋ, ಜಾಹೀರಾತು ಕೊಡುತ್ತೀರೋ' ಎಂದು ಕೇಳುತ್ತಾನೆ. ಇಂಥವರ ಮೇಲೆ ಸುಲಿಗೆ ಪ್ರಕರಣ ಹಾಕದೆ ಹಾರ ಹಾಕಬೇಕೇ? ಒಂಟಿವರದಿಯವರು ಅಂಥವರು ಎನ್ನುತ್ತಿಲ್ಲ. ಆದರೆ ಪೊಲೀಸರಿಗೆ ಯಾರು ಯಾರೆಂದು ಹೇಗೆ ತಿಳಿಯಬೇಕು?

ಕ್ಯಾಮೆರಾಕಣ್ಣು
ತಿಳಿಯುವುದಕ್ಕೆಂದೇ ತನಿಖೆ ಎಂಬುದೊಂದು ಇದೆ ಸ್ವಾಮಿ. ಹಣ ಕೇಳಿದ್ದರೆ ದೂರುದಾರ ಇರುತ್ತಾನೆ, ಕರೆಯ ದಾಖಲೆ ಇರುತ್ತದೆ, ಎಫ್‌ಐಆರ್ ಆಗುತ್ತದೆ. ಇಲ್ಲಿ ದೂರುದಾರ ಯಾರು? ಟಿಪ್ಪರ್ ಮಾಲೀಕನೇ? ವಿಡಿಯೊ ಅಳಿಸಿದ್ದು ಯಾವ ತನಿಖೆ? ಸುಲಿಗೆಯ ಸಾಕ್ಷ್ಯ ಅದರಲ್ಲಿದ್ದರೆ ಪೊಲೀಸರು ಅದನ್ನು ಕಾಪಿಡಬೇಕಿತ್ತು, ಅಳಿಸಬೇಕಿರಲಿಲ್ಲ.

ಮಾತಿಗೆಮಾತು
ಅಳಿಸಿದ್ದು ಸರಿಯೆಂದು ನಾನೆಲ್ಲಿ ಹೇಳಿದೆ? ಓದಿ ಉತ್ತರಿಸಿ. ಕಳ್ಳರನ್ನು ಸಾಕಿಕೊಂಡಿದ್ದಕ್ಕೆ ಒಳ್ಳೆಯವರು ದಂಡ ತೆರುತ್ತಿದ್ದೀರಿ ಎಂದೆ.

ಹಳೇಡೆಸ್ಕು
ಮೂರು ದಶಕ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು ನಾನು. ಮಾತಿಗೆಮಾತು ಅವರೇ, ಸುಲಿಗೆಕೋರರಿಗೆ ದೊಡ್ಡ ಬ್ಯಾನರಿನ ಕೊರತೆಯೂ ಇರಲಿಲ್ಲ. ಅದನ್ನು ಬಿಡಿ. ಸ್ಟ್ರಿಂಗರ್, ಅಂದರೆ ನೌಕರಿಯಿಲ್ಲದೆ ಬಿಡಿಯಾಗಿ ವರದಿ ಕಳುಹಿಸುವವರು, ಎಂಬ ವರ್ಗವನ್ನು ಹುಟ್ಟುಹಾಕಿದ್ದೇ ನಮ್ಮ ಸಂಸ್ಥೆಗಳು. ವರದಿ ಚೆನ್ನಾಗಿದ್ದರೆ 'ನಮ್ಮ ವರದಿಗಾರ', ಠಾಣೆಯಿಂದ ಫೋನ್ ಬಂದರೆ 'ಆತ ನಮ್ಮ ನೌಕರನಲ್ಲ'. ಈ ಎರಡನೆಯ ವಾಕ್ಯವನ್ನು ವ್ಯವಸ್ಥಾಪಕರು ಪೊಲೀಸರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಆ ಕಡೆ ಫೋನ್ ಇಟ್ಟ ಕ್ಷಣದಿಂದ ಆ ಹುಡುಗನ ಮೈಮೇಲೆ ಯಾರು ಕೈ ಮಾಡಿದರೂ ಕೇಳುವವರಿರಲಿಲ್ಲ.

ಪತ್ರಿಕೆಗೆ ಬರೆಯುತ್ತಿದ್ದರೂ ಬಿಡುವುದಿಲ್ಲ ಎಂಬುದಕ್ಕೆ ಉತ್ತರ ಪ್ರದೇಶದ ಮಿರ್ಜಾಪುರದ ಪವನ್ ಜೈಸ್ವಾಲ್ ಅವರನ್ನು ನೋಡಿ. 2019ರ ಆಗಸ್ಟ್‌ನಲ್ಲಿ ಶಾಲೆಯ ಬಿಸಿಯೂಟಕ್ಕೆ ಮಕ್ಕಳು ರೊಟ್ಟಿಗೆ ಉಪ್ಪು ನಂಜಿಕೊಂಡು ತಿನ್ನುತ್ತಿದ್ದುದನ್ನು ಚಿತ್ರೀಕರಿಸಿದರು. ಶಿಕ್ಷಣ ಇಲಾಖೆಯ ಅಧಿಕಾರಿಯ ದೂರಿನ ಮೇಲೆ ಅವರ ವಿರುದ್ಧವೇ ವಂಚನೆ ಮತ್ತು ಒಳಸಂಚಿನ ಪ್ರಕರಣ ದಾಖಲಾಯಿತು. ಮುದ್ರಣ ಮಾಧ್ಯಮದವನು ಫೋಟೊ ತೆಗೆಯಬಹುದಿತ್ತು, ವಿಡಿಯೊ ಏಕೆ ಮಾಡಿದ ಎಂದು ಜಿಲ್ಲಾಧಿಕಾರಿಯೇ ಕೇಳಿದ್ದರು. ಗದ್ದಲವೆದ್ದ ಮೇಲೆ ಪೊಲೀಸರು ಅವರ ಹೆಸರು ಕೈಬಿಟ್ಟರು. ಗದ್ದಲವೇಳದ ಎಷ್ಟು ಪ್ರಕರಣಗಳು ಹಾಗೆಯೇ ಕೊಳೆಯುತ್ತಿವೆಯೋ!

ಅದಕ್ಕೂ ಮೊದಲು, 2015ರ ಜೂನ್‌ನಲ್ಲಿ ಷಹಜಹಾನ್‌ಪುರದ ಜಗೇಂದ್ರ ಸಿಂಗ್. ಫೇಸ್‌ಬುಕ್ ಪುಟದಲ್ಲಿ ಒಬ್ಬ ಸಚಿವರ ವಿರುದ್ಧ ಬರೆಯುತ್ತಿದ್ದರು. ಪೊಲೀಸರು ಮನೆಗೆ ಬಂದಾಗ ಮೈಗೆ ಬೆಂಕಿ ಹೊತ್ತಿಕೊಂಡಿತು, ಒಂದು ವಾರದಲ್ಲಿ ತೀರಿಕೊಂಡರು. ಪೊಲೀಸರೇ ಬೆಂಕಿ ಹಚ್ಚಿದರು ಎಂದು ಆಸ್ಪತ್ರೆಯ ವಿಡಿಯೊದಲ್ಲಿ ಹೇಳಿದ್ದರು. ತಾನೇ ಹಚ್ಚಿಕೊಂಡ ಎಂದು ಪೊಲೀಸರು ಹೇಳಿದರು. ಕೊನೆಗೆ ಮನೆಯವರೂ ಹೇಳಿಕೆ ಬದಲಿಸಿದರು. ಅವರು ಏಕೆ ಬದಲಿಸಿದರು ಎಂಬುದನ್ನು ನಾನು ಊಹಿಸಲು ಹೋಗುವುದಿಲ್ಲ.

ಓದುಗ77
ಅಷ್ಟು ದೂರ ಏಕೆ? ನಮ್ಮ ಗೌರಿ ಲಂಕೇಶ್ ಅವರನ್ನೇ ವ್ಯವಸ್ಥೆ ಕೊಂದು ಹಾಕಲಿಲ್ಲವೇ?

ಹಳೇಡೆಸ್ಕು
ಅದನ್ನು ಇದಕ್ಕೆ ಬೆರೆಸಬೇಡಿ. 2017ರ ಸೆಪ್ಟೆಂಬರ್ 5ರಂದು ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದ ಆರೋಪ ಇರುವುದು ಖಾಸಗಿ ವ್ಯಕ್ತಿಗಳ ಮೇಲೆ. ಆರೋಪಪಟ್ಟಿ ಸಲ್ಲಿಸಿದ್ದು ರಾಜ್ಯ ಪೊಲೀಸರದೇ ವಿಶೇಷ ತನಿಖಾ ತಂಡ. ಅಧಿಕಾರಸ್ಥರ ಕೈವಾಡಕ್ಕೆ ಉದಾಹರಣೆ ಬೇಕಿದ್ದರೆ ಅದೇ ವರ್ಷದ ಜೂನ್ ನೋಡಿ: ಶಾಸಕರ ವಿರುದ್ಧ ಬರೆದರೆಂದು ರವಿ ಬೆಳಗೆರೆ ಮತ್ತು ಅನಿಲ್ ರಾಜು ಅವರಿಗೆ ನಮ್ಮ ವಿಧಾನಸಭೆಯೇ ಹಕ್ಕುಚ್ಯುತಿಯ ಹೆಸರಿನಲ್ಲಿ ಒಂದು ವರ್ಷ ಸೆರೆವಾಸ, ಹತ್ತು ಸಾವಿರ ರೂಪಾಯಿ ದಂಡ ವಿಧಿಸಿತ್ತು. ದೂರು ಕೊಟ್ಟವರೂ ಶಾಸಕರು, ವಿಚಾರಿಸಿದವರೂ ಶಾಸಕರು, ತೀರ್ಪು ಕೊಟ್ಟವರೂ ಶಾಸಕರು.

ಓದುಗ77
ಅವರ ಪತ್ರಿಕೆಗಳೂ ಅಂಥ ಸಭ್ಯವೇನಲ್ಲ ಬಿಡಿ.

ಕ್ಯಾಮೆರಾಕಣ್ಣು
ಸಭ್ಯರಿಗೆ ಮಾತ್ರ ಹಕ್ಕು ಎಂದು 19ನೇ ವಿಧಿಯಲ್ಲಿ ಎಲ್ಲಿ ಬರೆದಿದೆ, ತೋರಿಸಿ. ಮಾನಹಾನಿ ಆಗಿದ್ದರೆ ನ್ಯಾಯಾಲಯಕ್ಕೆ ಹೋಗಬಹುದಿತ್ತು.

ಖಾಕಿನಿವೃತ್ತ
ನಾನು ಇಲಾಖೆಯಲ್ಲಿದ್ದು ನಿವೃತ್ತನಾದವನು. ಬೈಯುವುದಿದ್ದರೆ ಕೊನೆಯವರೆಗೂ ಓದಿ ಬೈಯಿರಿ.

ಅಕ್ಕನ ಪ್ರಕರಣದಲ್ಲಿ ಎಫ್‌ಐಆರ್ ಏಕೆ ಆಗಿಲ್ಲ ಗೊತ್ತೇ? ಎಫ್‌ಐಆರ್ ಆದರೆ ಅದು ನ್ಯಾಯಾಲಯಕ್ಕೆ ಹೋಗುತ್ತದೆ, ತನಿಖಾಧಿಕಾರಿಯ ಹೆಸರು ಬರುತ್ತದೆ, ಮುಂದೆ ಉತ್ತರ ಹೇಳಬೇಕಾಗುತ್ತದೆ. ಮುಚ್ಚಳಿಕೆ ನೋಟಿಸಿಗೆ ಅಷ್ಟು ತಲೆನೋವಿಲ್ಲ. ಸುರಕ್ಷಾ ಸಂಹಿತೆಯ 126ನೇ ಕಲಂ, ಹಳೆಯ ಸಂಹಿತೆಯ 107. ಶಾಂತಿಭಂಗವಾಗುವ ಸಾಧ್ಯತೆ ಇದೆ ಎಂದು ಠಾಣೆಯಿಂದ ಒಂದು ವರದಿ ಹೋದರೆ ಸಾಕು, ಕಾರ್ಯನಿರ್ವಾಹಕ ದಂಡಾಧಿಕಾರಿ ನೋಟಿಸ್ ಕೊಡುತ್ತಾರೆ. ಮರಳು ತಡೆಯಬೇಕಾದ ಕಂದಾಯ ಇಲಾಖೆಯವರೇ ಆ ಕುರ್ಚಿಯಲ್ಲಿ ಕೂತಿರುತ್ತಾರೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಹಾಜರಾತಿಗೆ ಅಲೆದಾಡಿಸುವುದೇ ಶಿಕ್ಷೆ. ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ಬರೆಯುವ ಉಮೇದೂ ಹೋಯಿತು.

ಹಾಗೆಂದು ಠಾಣೆಯವರೆಲ್ಲ ಮರಳಿನ ಪಾಲುದಾರರಲ್ಲ. 'ಆ ಹುಡುಗಿಯನ್ನು ಸ್ವಲ್ಪ ವಿಚಾರಿಸಿಕೊಳ್ಳಿ' ಎಂದು ಮೇಲಿನಿಂದ ಮಾತು ಬರುತ್ತದೆ. ಬರವಣಿಗೆಯಲ್ಲಿ ಎಂದೂ ಬರುವುದಿಲ್ಲ. ಸಬ್ ಇನ್‌ಸ್ಪೆಕ್ಟರಿಗೆ ವರ್ಗಾವಣೆಯ ಹೆದರಿಕೆ. ಸಮರ್ಥಿಸುತ್ತಿಲ್ಲ, ನಡೆಯುವ ಕ್ರಮ ಹೇಳುತ್ತಿದ್ದೇನೆ.

ಈಗ ಮಾಡಬೇಕಾದ್ದು: ಠಾಣೆಯ ಸಿಸಿಟಿವಿ ದೃಶ್ಯವನ್ನು ಉಳಿಸಿಡಿ ಎಂದು ಇಂದೇ ಎಸ್‌ಪಿಗೆ ಅರ್ಜಿ ಕೊಡಿ. ನೀವು ಒಳಹೋದ ಹೊತ್ತು, ಹೊರಬಂದ ಹೊತ್ತು ಬರೆಯಿರಿ. ಠಾಣಾ ದಿನಚರಿಯ ಆ ದಿನದ ಪ್ರತಿಯನ್ನೂ ಕೇಳಿ. ನಿಮ್ಮ ಹೆಸರು ಅದರಲ್ಲಿ ಇಲ್ಲದೆ ಸಿಸಿಟಿವಿಯಲ್ಲಿ ಮಾತ್ರ ನೀವು ಇದ್ದರೆ, ಬೆವರುವ ಸರದಿ ಅವರದು.

ಕಪ್ಪುಕೋಟು
ಖಾಕಿನಿವೃತ್ತರು ಹೇಳಿದ್ದಕ್ಕೆ ತೀರ್ಪಿನ ಬಲ ಸೇರಿಸುತ್ತೇನೆ. 2020ರ ಡಿಸೆಂಬರ್‌ನ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಬೇಕು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇರಬಾರದು ಎಂದಿದೆ. ಅರ್ಜಿಗೆ ಸ್ವೀಕೃತಿ ಪಡೆಯಿರಿ. ತೆಗೆದುಕೊಳ್ಳಲು ನಿರಾಕರಿಸಿದರೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳೂ ಇವೆ, ಅಲ್ಲಿಗೂ ಒಂದು ಪ್ರತಿ ಹೋಗಲಿ.

ಮುಚ್ಚಳಿಕೆಗೆ ಹೆದರಿ ಸಹಿ ಹಾಕಬೇಡಿ. ಅದು ಕಾರಣ ಕೇಳುವ ನೋಟಿಸ್. ವಕೀಲರೊಂದಿಗೆ ಹೋಗಿ, ಲಿಖಿತ ಆಕ್ಷೇಪಣೆ ಕೊಡಿ.

ಬಿಟ್ಟುಬೈಟು
ಪಾಸ್‌ವರ್ಡ್ ಕೊಡಲೇಬೇಕೇ? ಹೆಬ್ಬೆರಳು ಒತ್ತಿಸಿದ್ದು ಸರಿಯೇ?

ಕಪ್ಪುಕೋಟು
2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟೇ ಇದನ್ನು ವಿಚಾರಿಸಿದೆ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು. ಕೊಡದಿದ್ದರೆ ಶೋಧನಾ ವಾರಂಟ್ ಕೇಳಿ ನ್ಯಾಯಾಲಯಕ್ಕೆ ಹೋಗಬೇಕು. ಪಾಸ್‌ವರ್ಡ್ ಕೊಡುವುದು ಸ್ವಂತದ ವಿರುದ್ಧ ಸಾಕ್ಷ್ಯ ಹೇಳಿದಂತಲ್ಲ ಎಂದೂ ಅದೇ ತೀರ್ಪು ಹೇಳಿದೆ, ಆದ್ದರಿಂದ ಅದನ್ನು ಪೂರ್ತಿ ನಮ್ಮ ಪರವೆಂದು ಕುಣಿಯುವಂತಿಲ್ಲ. ಆದರೆ ಮಣಿಕಟ್ಟು ಹಿಡಿದು ಬೆರಳು ಒತ್ತಿಸಲು ಯಾವ ತೀರ್ಪೂ ಅನುಮತಿ ಕೊಟ್ಟಿಲ್ಲ.

ದೆಹಲಿಯಲ್ಲಿ 2023ರ ಅಕ್ಟೋಬರ್ 3ರಂದು ನ್ಯೂಸ್‌ಕ್ಲಿಕ್ ಎಂಬ ಸುದ್ದಿ ಜಾಲತಾಣದ ಜೊತೆ ಸಂಬಂಧವಿದ್ದ ಹತ್ತಾರು ಪತ್ರಕರ್ತರ ಮನೆಗಳಿಗೆ ಪೊಲೀಸರು ಬೆಳಗಾಗುವ ಹೊತ್ತಿಗೆ ಹೋಗಿ ಫೋನ್, ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರು. ಅದರ ಮುಂದಿನ ತಿಂಗಳು, ಬೇರೊಂದು ಅರ್ಜಿಯ ವಿಚಾರಣೆಯಲ್ಲಿ, ಮಾಧ್ಯಮದವರ ಸಾಧನಗಳ ಜಪ್ತಿಗೆ ಮಾರ್ಗಸೂಚಿ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. ಸದ್ಯಕ್ಕೆ ಸಿಬಿಐ ಕೈಪಿಡಿಯನ್ನು ಪಾಲಿಸುತ್ತೇವೆ ಎಂದು ಕೇಂದ್ರ ಉತ್ತರಿಸಿತು. ನ್ಯೂಸ್‌ಕ್ಲಿಕ್ ಸಂಪಾದಕ ಪ್ರಬೀರ್ ಪುರಕಾಯಸ್ಥ ಬಿಡುಗಡೆಯಾದದ್ದು 2024ರ ಮೇ 15ರಂದು, ಬಂಧನದ ಕಾರಣವನ್ನು ಬರವಣಿಗೆಯಲ್ಲಿ ಕೊಟ್ಟಿರಲಿಲ್ಲ ಎಂಬ ಅಂಶದ ಮೇಲೆ. ಒಂದು ಹಾಳೆ ಕೊಡದಿದ್ದುದಕ್ಕೆ ಇಡೀ ಬಂಧನವೇ ಬಿದ್ದುಹೋಯಿತು.

ತುಂಗಾತೀರ
ಹೊರಬರುವ ಹೊತ್ತಿಗೆ ಏಳು ತಿಂಗಳು ದಾಟಿತ್ತಲ್ಲ ವಕೀಲರೇ. ಕೇರಳದ ಪತ್ರಕರ್ತ ಸಿದ್ದಿಕ್ ಕಪ್ಪನ್ ಅವರದು ಇನ್ನೂ ದೀರ್ಘ. ಹಾಥರಸ್‌ಗೆ ವರದಿಗೆ ಹೋಗುವಾಗ 2020ರ ಅಕ್ಟೋಬರ್‌ನಲ್ಲಿ ದಾರಿಯಲ್ಲೇ ಹಿಡಿದರು. ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಇನ್ನೊಂದು ಪ್ರಕರಣ ಅಡ್ಡ ಬಂದು ಜೈಲಿನಿಂದ ಹೊರಬಂದಿದ್ದು 2023ರ ಫೆಬ್ರುವರಿಯಲ್ಲಿ. ಅವರು ಬರೆಯಬೇಕಿದ್ದ ವರದಿ ಬರೆಯದೆಯೇ ಉಳಿಯಿತು. ಗೆದ್ದವರು ಯಾರು?

ಬಿಟ್ಟುಬೈಟು
ತಾಂತ್ರಿಕ ಮಾತು. ಕ್ಷೇತ್ರಕ್ಕೆ ಹೋಗುವ ಮೊದಲು ಬೆರಳಚ್ಚು, ಮುಖ ಗುರುತು ಎರಡನ್ನೂ ಆಫ್ ಮಾಡಿ ಉದ್ದನೆಯ ಪಾಸ್‌ವರ್ಡ್ ಇಡಿ. ವಿಡಿಯೊ ತಾನಾಗಿ ಕ್ಲೌಡ್‌ಗೆ ಹೋಗುವಂತೆ ಮಾಡಿ. ನೆಟ್‌ವರ್ಕ್ ಇಲ್ಲದ ಕಡೆ ಮೆಮೊರಿ ಕಾರ್ಡ್ ತೆಗೆದು ಬೇರೆಯವರ ಕೈಗೆ ಕೊಡಿ. ಮನೆಯ ಫೋಟೊ ಇರುವ ಫೋನ್ ಬೇರೆ, ಕೆಲಸದ ಫೋನ್ ಬೇರೆ ಇರಲಿ. ಸುದ್ದಿ ಮೂಲಗಳ ಹೆಸರನ್ನು ಹೆಸರಾಗಿಯೇ ಉಳಿಸಿಕೊಳ್ಳಬೇಡಿ. ಅಕ್ಕನ ಫೋನಿನಲ್ಲಿ ಅವರಿಗೆ ಮಾಹಿತಿ ಕೊಟ್ಟವರ ಸಂಖ್ಯೆ ಇದ್ದರೆ ಮೊದಲು ಅವರನ್ನು ಎಚ್ಚರಿಸಿ.

ಒಂಟಿವರದಿ
ಎಚ್ಚರಿಸಿದ್ದೇನೆ. ಅವರಲ್ಲಿ ಒಬ್ಬರ ಮನೆಗೆ ಆಗಲೇ ಇಬ್ಬರು ಬೈಕಿನಲ್ಲಿ ಹೋಗಿ 'ವಿಳಾಸ ಕೇಳಿ' ಬಂದಿದ್ದಾರೆ. ನನಗಿಂತ ಅವರದೇ ಚಿಂತೆ.

ಓದುಗ77
ರಾತ್ರಿ ವಿಡಿಯೊಗೆ ಯಾವ ಫೋನ್ ಒಳ್ಳೆಯದು? ಇಪ್ಪತ್ತು ಸಾವಿರದೊಳಗೆ ಹೇಳಿ.

ತುಂಗಾತೀರ
ಎಂಥಾ ಹೊತ್ತಿನಲ್ಲಿ ಎಂಥಾ ಪ್ರಶ್ನೆ!

ಬಿಟ್ಟುಬೈಟು
ರಾತ್ರಿಗೆ ಫೋನಿಗಿಂತ ಹಳೆಯ ಹ್ಯಾಂಡಿಕ್ಯಾಮ್ ವಾಸಿ. ಝೂಮ್ ಮಾಡಿದರೂ ನಂಬರ್ ಪ್ಲೇಟ್ ಕಲಸಿಹೋಗುವುದಿಲ್ಲ. ಆದರೆ ದೂರದಿಂದಲೇ ಕಾಣುತ್ತದೆ, ಏಟು ಬೀಳುವುದೂ ಬೇಗ.

ನಿರ್ವಾಹಕ
ಫೋನ್, ಕ್ಯಾಮೆರಾ ಚರ್ಚೆಗೆ ಬೇರೆ ಎಳೆ ಇದೆ. ಇನ್ನೊಂದು ಮಾತು: ಠಾಣೆ, ತಾಲ್ಲೂಕು, ಅಧಿಕಾರಿಗಳ ಹೆಸರು ಇಲ್ಲಿ ಹಾಕಬೇಡಿ. ಮೂರು ಉತ್ತರಗಳನ್ನು ಅದಕ್ಕಾಗಿಯೇ ತೆಗೆದಿದ್ದೇನೆ.

ಕ್ಯಾಮೆರಾಕಣ್ಣು
ಮಹಾರಾಷ್ಟ್ರದಲ್ಲಿ ಮಾಧ್ಯಮದವರ ಮೇಲಿನ ಹಲ್ಲೆ ತಡೆಗೆ 2017ರ ಕಾಯ್ದೆ ಇದೆ. ಛತ್ತೀಸ್‌ಗಢ 2023ರಲ್ಲಿ ಮಾಡಿತು. ಇಲ್ಲಿಯೂ ಸಂಘಟನೆಗಳು ಕೇಳುತ್ತಲೇ ಬಂದಿವೆ. ಅದೊಂದು ಬರಲಿ, ಅರ್ಧ ಸಮಸ್ಯೆ ತೀರುತ್ತದೆ.

ಹಳೇಡೆಸ್ಕು
ಛತ್ತೀಸ್‌ಗಢದ ಕಾಯ್ದೆಗೆ ಎರಡು ವರ್ಷವೂ ತುಂಬುವ ಮೊದಲೇ, 2025ರ ಜನವರಿಯಲ್ಲಿ, ಅದೇ ರಾಜ್ಯದ ಬಿಜಾಪುರದ ಮುಕೇಶ್ ಚಂದ್ರಾಕರ್ ಅವರ ದೇಹ ಗುತ್ತಿಗೆದಾರರೊಬ್ಬರ ಜಾಗದ ಶೌಚದ ಗುಂಡಿಯಲ್ಲಿ ಸಿಕ್ಕಿತು. ಯೂಟ್ಯೂಬ್ ವಾಹಿನಿ ನಡೆಸುತ್ತಿದ್ದ ಹುಡುಗ, ರಸ್ತೆ ಕಾಮಗಾರಿಯ ಅವ್ಯವಹಾರ ಬಯಲಿಗೆಳೆದಿದ್ದ. ಕಾಯ್ದೆ ಬೇಡ ಎನ್ನುತ್ತಿಲ್ಲ. ಆದರೆ ಹಲ್ಲೆ ಮಾಡಿದವನೇ ದೂರು ದಾಖಲಿಸುವ ಜಾಗದಲ್ಲಿ ಕೂತಿದ್ದರೆ ಯಾವ ಕಾಯ್ದೆಯ ಪುಸ್ತಕ ತೆರೆದು ಓದುತ್ತೀರಿ?

ಮರಳಿನ ವಿಷಯ ಬಂದದ್ದರಿಂದ ಇನ್ನೊಂದು ನೆನಪಿಸುತ್ತೇನೆ, ಒಂಟಿವರದಿ ಅವರೇ, ಹೆದರಿಸುವುದಕ್ಕಲ್ಲ. ಮಧ್ಯಪ್ರದೇಶದ ಭಿಂಡ್‌ನ ಸಂದೀಪ್ ಶರ್ಮಾ ಮರಳು ದಂಧೆಯಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಪಾತ್ರವಿದೆ ಎಂದು ರಹಸ್ಯ ಕ್ಯಾಮೆರಾ ಬಳಸಿ ತೋರಿಸಿದ್ದರು. ಜೀವಭಯವಿದೆ, ರಕ್ಷಣೆ ಕೊಡಿ ಎಂದು ಪತ್ರವನ್ನೂ ಬರೆದಿದ್ದರು. 2018ರ ಮಾರ್ಚ್‌ನಲ್ಲಿ ಬೈಕಿನಲ್ಲಿ ಹೋಗುತ್ತಿದ್ದಾಗ ಲಾರಿ ಹರಿಯಿತು. ದಯವಿಟ್ಟು ರಾತ್ರಿ ಒಬ್ಬರೇ ಹೋಗಬೇಡಿ. ಹೋಗುವ ಮೊದಲು ಯಾರಿಗಾದರೂ ಹೇಳಿ, ಬಂದ ಮೇಲೂ ಹೇಳಿ.

ಮಾತಿಗೆಮಾತು
ಇದೆಲ್ಲ ನಮ್ಮ ದೇಶದ ಹಣೆಬರಹ. ಹೊರಗೆ ಹೀಗೆಲ್ಲ ನಡೆಯುವುದಿಲ್ಲ.

ಬಿಟ್ಟುಬೈಟು
ನಡೆಯುತ್ತದೆ. 2023ರ ಆಗಸ್ಟ್‌ನಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಮರಿಯನ್ ಕೌಂಟಿ ರೆಕಾರ್ಡ್ ಎಂಬ ಸಣ್ಣ ಊರಿನ ಪತ್ರಿಕೆಯ ಕಚೇರಿಗೂ ಪ್ರಕಾಶಕರ ಮನೆಗೂ ಪೊಲೀಸರು ನುಗ್ಗಿ ಕಂಪ್ಯೂಟರ್, ಫೋನ್ ಹೊತ್ತೊಯ್ದರು. ಪತ್ರಿಕೆಯ ಸಹ ಮಾಲೀಕರಾಗಿದ್ದ 98 ವರ್ಷದ ಅಜ್ಜಿ ಮರುದಿನವೇ ತೀರಿಕೊಂಡರು. ವ್ಯತ್ಯಾಸ ಇರುವುದು ಮುಂದಿನದರಲ್ಲಿ: ವಾರ ಕಳೆಯುವುದರೊಳಗೆ ಅಲ್ಲಿನ ಸರ್ಕಾರಿ ವಕೀಲರೇ ಸಾಕಷ್ಟು ಆಧಾರವಿಲ್ಲ ಎಂದು ವಾರಂಟ್ ಹಿಂಪಡೆದರು, ವಸ್ತುಗಳು ವಾಪಸ್ ಬಂದವು. ಪೊಲೀಸ್ ಮುಖ್ಯಸ್ಥ ಕುರ್ಚಿ ಬಿಟ್ಟ.

ಮಾತಿಗೆಮಾತು
ಅದನ್ನೇ ನಾನೂ ಹೇಳಿದ್ದು, ಕೊನೆಯಲ್ಲಿ ಯಾರೋ ಒಬ್ಬರು ಉತ್ತರ ಕೊಡುತ್ತಾರೆ. ಸರಿ, ಇದರಲ್ಲಿ ಒಪ್ಪಿದೆ. ಅಕ್ಕ, ಮುಂದಿನ ಹಾಜರಾತಿಗೆ ಜೊತೆಗೆ ಬರುವವರು ಬೇಕಿದ್ದರೆ ಹೇಳಿ. ನಾನಿರುವುದು ಪಕ್ಕದ ಜಿಲ್ಲೆಯಲ್ಲೇ.

ಕ್ಯಾಮೆರಾಕಣ್ಣು
ಇಷ್ಟು ಹೊತ್ತು ಜಗಳವಾಡಿದ್ದು ಇದಕ್ಕೇ? ನಾನೂ ಬರುತ್ತೇನೆ, ಕ್ಯಾಮೆರಾ ಸಮೇತ.

ಖಾಕಿನಿವೃತ್ತ
ಕ್ಯಾಮೆರಾ ಹೊರಗಿರಲಿ, ಜನ ಒಳಗಿರಲಿ. ತಹಶೀಲ್ದಾರರ ಮುಂದೆ ಹತ್ತು ಜನ ಸುಮ್ಮನೆ ಕೈಕಟ್ಟಿ ನಿಂತರೆ ಸಾಕು, ಸ್ವರವೇ ಬೇರೆಯಾಗುತ್ತದೆ. ಕೂಗಾಡಿದಿರೋ, 126ಕ್ಕೆ ನೀವೇ ಸಾಕ್ಷ್ಯ ಒದಗಿಸಿದಂತೆ.

ಒಂಟಿವರದಿ
ಸದ್ಯದ ಸ್ಥಿತಿ: ಎಸ್‌ಪಿ ಕಚೇರಿಯಲ್ಲಿ ಸಿಸಿಟಿವಿ ಅರ್ಜಿಗೆ ಮೊಹರು ಬಿತ್ತು. ಠಾಣೆಗೆ ಕೊಟ್ಟ ಅರ್ಜಿಗೆ 'ಸದರಿ ಮೊಬೈಲ್ ಠಾಣೆಯ ವಶದಲ್ಲಿ ಇರುವುದಿಲ್ಲ' ಎಂದು ಹಿಂಬರಹ ಕೊಟ್ಟಿದ್ದಾರೆ. ಇಂದು ಮಧ್ಯಾಹ್ನ ಅದೇ ಫೋನಿನಲ್ಲಿ ನನ್ನ ವಾಟ್ಸ್‌ಆ್ಯಪ್ 'ಆನ್‌ಲೈನ್' ತೋರಿಸುತ್ತಿತ್ತು, ತಂಗಿ ತನ್ನ ಫೋನಿನಿಂದ ಸ್ಕ್ರೀನ್‌ಶಾಟ್ ತೆಗೆದಿದ್ದಾಳೆ. ಹಾಜರಾತಿ ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ.

ಕಪ್ಪುಕೋಟು
ಹಿಂಬರಹದ ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ತಂಗಿಯ ಫೋನಿನಲ್ಲಿ ಸ್ಕ್ರೀನ್‌ಶಾಟ್ ಹಾಗೆಯೇ ಇರಲಿ, ಅಳಿಸಬಾರದು. ಅದನ್ನು ಹಾಜರುಪಡಿಸಲು ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅಡಿ ಪ್ರಮಾಣಪತ್ರ ಬೇಕು, ನಾನು ತಯಾರಿಸುತ್ತೇನೆ. ಸಿಮ್ ಇನ್ನೂ ಅದೇ ಫೋನಿನಲ್ಲಿದ್ದರೆ ಸಂಖ್ಯೆಯನ್ನು ಈಗಲೇ ನಿಲ್ಲಿಸಬೇಡಿ, ಮೊದಲು ಖಾಸಗಿ ಸಂದೇಶದಲ್ಲಿ ಐಎಂಇಐ (ಫೋನಿನ ಗುರುತು) ಸಂಖ್ಯೆ ಮತ್ತು ಖರೀದಿ ಬಿಲ್ ಕಳುಹಿಸಿ. ಮ್ಯಾಜಿಸ್ಟ್ರೇಟ್ ಮುಂದೆ ಹಾಕುವ ಅರ್ಜಿಯ ಸ್ವರೂಪ ಈಗ ಬದಲಾಗುತ್ತದೆ. ಬುಧವಾರ ಸಂಜೆ ಆರರ ನಂತರ ಕರೆ ಮಾಡಿ.